ಸಂಖದಲ್ಲಿ ಒಂದು ರಾತ್ರಿ, ನಾಲ್ಕು ಕೊಡ ನೀರು

ಸಾಂಗಲಿಯಿಂದ ಮಿರಜ, ಕವಠೆಮಹಾಂಕಾಳ ದಾಟಿ ಜತ್ತ ತಾಲೂಕನ್ನು ಹೊಕ್ಕರೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಳಗೆ ಜಾಲಿ, ಕಲ್ಲುಹೊಲ, ಮಳೆಗಾಗಿ ಕಾದ ಮಡ್ಡಿ. ಪೂರ್ವಕ್ಕೆ ಸಾಗಿದಂತೆ ಫಲಕಗಳು ಮರಾಠಿಯಲ್ಲೇ ಉಳಿದರೂ ಕಟ್ಟೆಯ ಮೇಲಿನ ಮಾತು ಕನ್ನಡಕ್ಕೆ ಹೊರಳುತ್ತದೆ. ಗುಡ್ಡಾಪುರದ ದಾನಮ್ಮದೇವಿಗೆ ಕೈಮುಗಿದು ಸಂಖದ ಅಕ್ಕನ ಮನೆ ಮುಟ್ಟಿದಾಗ ನನ್ನ ವಿದ್ಯುತ್ ಕಾರಿನಲ್ಲಿ ಉಳಿದದ್ದು ಶೇಕಡಾ 12.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಸೊಸಿಯನ್ನು ಮರುದಿನ ಬೆಳಗ್ಗೆ ವಿಜಯಪುರದ ಕಾಲೇಜಿಗೆ ಕರೆದೊಯ್ಯಬೇಕಿತ್ತು. ಮೂಲ ಅಂಕಪಟ್ಟಿ ಒಪ್ಪಿಸಲು ಅದೇ ಕೊನೆಯ ದಿನ.

ಪಡಸಾಲೆಯ 16 ಆಂಪಿಯರ್ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿದೆ. ಹಸಿರು ದೀಪ ಒಮ್ಮೆ ಮಿನುಗಿ ಕೆಂಪಾಯಿತು. ಅಡುಗೆಮನೆಯ ಸಾಕೆಟ್ಟಿನಲ್ಲೂ ಅದೇ ಗತಿ. ಫ್ರಿಜ್ ನಡೆಯುತ್ತಿದೆ, ಫ್ಯಾನು ತಿರುಗುತ್ತಿದೆ, ಕಾರಿಗೆ ಮಾತ್ರ ಏನು ರೋಗ?

ವೈರ್‌ಮನ್ ಬಂದು ಟೆಸ್ಟ್ ಲ್ಯಾಂಪ್ ಹಿಡಿದ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಬಲ್ಬು ಚೆನ್ನಾಗಿ ಉರಿಯಿತು. ಫೇಸಿಗೂ ಅರ್ಥಿಂಗಿಗೂ ನಡುವೆ ಬರೀ ಮಿಣಮಿಣ.

“ಕರೆಂಟ್ ಐತ್ರಿ ವಕೀಲಸಾಹೇಬ್ರ, ನೆಲಾನ ಒಣಗೇತಿ,” ಎಂದ.

ಫ್ರಿಜ್ಜು ಅರ್ಥಿಂಗ್ ಇಲ್ಲದೆಯೂ ನಡೆಯುತ್ತದೆ, ಅಪಾಯವನ್ನು ಒಳಗಿಟ್ಟುಕೊಂಡು. ಕಾರಿನ ಚಾರ್ಜರ್ ಹಾಗಲ್ಲ. ಭೂಸಂಪರ್ಕ ಸರಿಯಿದೆಯೆಂದು ಖಾತ್ರಿಯಾಗದೆ ವಿದ್ಯುತ್ತನ್ನು ಮುಂದಕ್ಕೆ ಬಿಡದು. ಒಳ್ಳೆಯ ನ್ಯಾಯಾಧೀಶರಂತೆ, ಸಾಕ್ಷ್ಯವಿಲ್ಲದೆ ಆದೇಶವಿಲ್ಲ.

ನೆರೆಯವರೊಬ್ಬರು ನ್ಯೂಟ್ರಲ್ಲಿಗೇ ಅರ್ಥ್ ತಂತಿ ಕೂಡಿಸಿಬಿಡಿ ಎಂದರು. ಹಾಗೆ ಮಾಡಿದಾಗ ಮುಂದೆಲ್ಲೋ ನ್ಯೂಟ್ರಲ್ ಕಡಿದರೆ ಕಾರಿನ ಮೈಗೇ ವಿದ್ಯುತ್ ಹರಿಯುತ್ತದೆ. ಮುಟ್ಟಿದವರ ಗತಿ ಮುಗಿಯಿತು. ಭಾವ ಹೊಲದ ಪಂಪ್‌ಸೆಟ್ಟಿನ ಸಂಪರ್ಕ ತೋರಿಸಿದರು. ಕೃಷಿಗೆಂದು ಕೊಟ್ಟ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮು ಬಂದು ನಿಲ್ಲುತ್ತದೆ. ಮನೆಯ ಮೀಟರಿನಿಂದ ಸ್ವಂತ ಕಾರಿಗೆ ಚಾರ್ಜ್ ಮಾಡಲು ಅಡ್ಡಿಯಿಲ್ಲ.

ಹಿತ್ತಲಿನ ಅರ್ಥಿಂಗ್ ಗುಂಡಿಯಲ್ಲಿ ಇದ್ದಿಲು, ಉಪ್ಪು ಹಾಕಿ ಕೊಳವೆ ಹುಗಿದಿದ್ದರು. ಮನೆ ಕಟ್ಟಿದ ಮೇಲೆ ಅದಕ್ಕೆ ನೀರು ಕಂಡಿದ್ದು ಮಳೆಗಾಲದಲ್ಲಷ್ಟೇ. ತೇವವಿಲ್ಲದ ಮಣ್ಣು ವಿದ್ಯುತ್ತನ್ನು ಒಯ್ಯದು. ನಾಲ್ಕು ಕೊಡ ನೀರು ಸುರಿಯಬೇಕೆಂದ ವೈರ್‌ಮನ್.

ಅಕ್ಕ ಸುಮ್ಮನೆ ನಿಂತಳು. ಟ್ಯಾಂಕರ್ ಬಂದು ಮೂರು ದಿನವಾಗಿತ್ತು. ಕುಡಿಯುವ ನೀರನ್ನು ನೆಲಕ್ಕೆ ಸುರಿಯಿರೆಂದು ಕೇಳಲು ನನಗೂ ಬಾಯಿ ಬರಲಿಲ್ಲ.

“ಮಾಮಾ, ಮುಸುರಿ ನೀರು ನಡೀತೈತೇನು?” ಎಂದು ಕೇಳಿದ್ದು ಸೊಸಿ.

ನಡೆಯಿತು. ಪಾತ್ರೆ ತೊಳೆದದ್ದು, ಕೈಕಾಲು ತೊಳೆದದ್ದು, ಬಟ್ಟೆ ಹಿಂಡಿದ್ದು, ನೆರೆಮನೆಯವರು ಕೊಟ್ಟದ್ದು ಎಲ್ಲ ಸೇರಿ ನಾಲ್ಕು ಕೊಡವಾಯಿತು. ಒಂದು ಹಿಡಿ ಉಪ್ಪನ್ನೂ ಹಾಕಿದೆವು. ಮುಕ್ಕಾಲು ತಾಸಿನ ನಂತರ ಬಲ್ಬು ಬೆಳಗಿತು, ಚಾರ್ಜರಿನ ದೀಪ ಹಸಿರಾಗಿ ನಿಂತಿತು.

ಅಷ್ಟಕ್ಕೇ ಮುಗಿಯಲಿಲ್ಲ. ವೋಲ್ಟೇಜು 190ರ ಆಸುಪಾಸಿನಲ್ಲಿತ್ತು, ಪ್ಲಗ್ಗು ಬಿಸಿಯಾಗತೊಡಗಿತು. ಕಾರಿನ ಪರದೆಯಲ್ಲಿ 15 ಆಂಪಿಯರನ್ನು 10ಕ್ಕೆ ಇಳಿಸಿದೆ. ತಾಸಿಗೆ ಎರಡು ಯೂನಿಟ್ಟಿಗೂ ಕಡಿಮೆ. ಆದರೂ ರಾತ್ರಿ ದೊಡ್ಡದಿತ್ತು. ಎರಡು ಬಾರಿ ಎದ್ದು ಪ್ಲಗ್ಗು ಮುಟ್ಟಿ ನೋಡಿದೆ. ಎರಡನೆಯ ಬಾರಿ ಹೊಸ್ತಿಲಲ್ಲಿ ಸೊಸಿಯೂ ಕುಳಿತಿದ್ದಳು, ತೊಡೆಯ ಮೇಲೆ ಅಂಕಪಟ್ಟಿಯ ಫೈಲು.

ಬೆಳಗ್ಗೆ ಶೇಕಡಾ 55. ಹನ್ನೊಂದರೊಳಗೆ ಅಂಕಪಟ್ಟಿ ಕಾಲೇಜಿನ ಮೇಜಿನ ಮೇಲಿತ್ತು.

ದೀಪಾವಳಿಗೆ ಮತ್ತೆ ಹೋದಾಗ ನೋಡುತ್ತೇನೆ, ಅಕ್ಕನ ಪಾತ್ರೆ ತೊಳೆಯುವ ಕಲ್ಲು ಅರ್ಥಿಂಗ್ ಗುಂಡಿಯ ಪಕ್ಕಕ್ಕೆ ಸರಿದಿತ್ತು.