ಹಗುರಾದ ಚಕ್ರ

ನಮ್ಮ ಹಳೆಯ ಮಾರುತಿ 800 ಕಾರನ್ನು ಮಾರಿದ ದಿನ ನನ್ನ ಬಲಭುಜ ಸಂತೋಷಪಟ್ಟಿತು. ಮನಸ್ಸು ಮಾತ್ರ ಮುಖ ಊದಿಸಿಕೊಂಡಿತು. ಆ ಕಾರಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ. ತೀರ್ಥಹಳ್ಳಿಯ ಸಂತೆಯ ದಿನ ಇಕ್ಕಟ್ಟಿನಿಂದ ಅದನ್ನು ಹೊರತೆಗೆಯಬೇಕಾದರೆ ಎರಡೂ ಕೈಯಿಂದ ಚಕ್ರವನ್ನು ಎಳೆಯಬೇಕಿತ್ತು. ಭುಜದ ನೋವು ಹತ್ತಿಕೊಂಡ ಮೇಲೆ ಅದು ಆಗದೆ ಹೋಯಿತು. "ಇನ್ನು ನೀನು ಕಾರು ಓಡಿಸಿದ್ದು ಸಾಕು" ಎಂದು ನಮ್ಮವರು ಹೇಳಿದ ರಾತ್ರಿ ನನಗೆ ಊಟ ಸೇರಲಿಲ್ಲ. ಉಡುಪಿಯಲ್ಲಿ ಒಬ್ಬಳೇ ಇರುವ ಅಮ್ಮನನ್ನು ನೋಡಲು ತಿಂಗಳಿಗೊಮ್ಮೆ ಹೋಗುತ್ತಿದ್ದುದು ಆ ಕಾರಿನಲ್ಲೇ. ಯಾರನ್ನೂ ಕೇಳಬೇಕಿರಲಿಲ್ಲ, ಯಾರಿಗೂ ಕಾಯಬೇಕಿರಲಿಲ್ಲ.

ಮಗಳು ಹಟ ಹಿಡಿದು ಹೊಸ ಕಾರು ಕೊಡಿಸಿದಳು. ಅದರದು ವಿದ್ಯುತ್ತಿನ ಪವರ್ ಸ್ಟಿಯರಿಂಗ್. "ನೋಡಿ ಆಂಟಿ, ಒಂದೇ ಬೆರಳು ಸಾಕು" ಎಂದು ಕಾರು ತಂದ ಹುಡುಗ ತಿರುಗಿಸಿ ತೋರಿಸಿದ. ನಾನು ಹಿಡಿದಾಗಲೋ, ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತಾಯಿತು. ಕೈಗೆ ಹಳೆಯ ಬಲದ ಅಭ್ಯಾಸ. ತಿರುಗಿಸಿದ್ದು ಹೆಚ್ಚಾಗಿ, ಎರಡನೆಯ ದಿನವೇ ಗೇಟಿನ ಕಂಬ ಉಜ್ಜಿತು.

ನಮ್ಮ ಬೀದಿಯ ಮೆಕ್ಯಾನಿಕ್ ಸಮಾಧಾನವಾಗಿ ವಿವರಿಸಿದ. ಚಕ್ರದ ಕೆಳಗಿನ ದಂಡದಲ್ಲಿ ಒಂದು ಸಣ್ಣ ಸರಳು ಇದೆಯಂತೆ. ನಾವು ತಿರುಗಿಸಿದಾಗ ಅದು ಒಂದಿಷ್ಟೇ ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಎಂಬುದನ್ನು ಸೆನ್ಸರ್ ಅಳೆಯುತ್ತದೆ. ಕಾರಿನ ವೇಗವನ್ನೂ ನೋಡಿಕೊಂಡು ಪುಟ್ಟ ಕಂಪ್ಯೂಟರು ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಕಾರು ನಿಧಾನವಾಗಿದ್ದಾಗ ಸಹಾಯ ಹೆಚ್ಚು, ವೇಗ ಏರಿದಂತೆ ಕಡಿಮೆ. ಇದೇನೂ ನಿನ್ನೆ ಮೊನ್ನೆಯ ಸೋಜಿಗವಲ್ಲ. 1988ರಲ್ಲೇ ಜಪಾನಿನ ಸುಝುಕಿ ಸರ್ವೋ ಎಂಬ ಪುಟ್ಟ ಕಾರಿನಲ್ಲಿ ಬಂದಿತ್ತು. "ನೀವು ದಬ್ಬಬೇಡಿ ಅಮ್ಮ, ಹೇಳಿದರೆ ಸಾಕು" ಎಂದ.

ಹೇಳುವುದು ಕಲಿತದ್ದು ಆಗುಂಬೆ ಘಾಟಿಯಲ್ಲಿ. ಅಲ್ಲಿ ಹೇರ್‌ಪಿನ್ ತಿರುವುಗಳೇ 14. ನಮ್ಮವರು ಪಕ್ಕದಲ್ಲಿ ಕುಳಿತು ಕಿಟಕಿಯ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಹಳೆಯ ಕಾರಿನಲ್ಲಿ ತಿರುವು ಮುಗಿದೊಡನೆ ಕೈ ಸಡಿಲಿಸಿದರೆ ಚಕ್ರ ತಾನಾಗಿ ನೇರಕ್ಕೆ ಬರುತ್ತಿತ್ತು. ಇದು ನಿಧಾನವಾಗಿ ಹೋಗುವಾಗ ಅರ್ಧಕ್ಕೆ ಬಂದು ಸೋಮಾರಿಯಂತೆ ನಿಲ್ಲುತ್ತದೆ. ಬಲತಿರುವೊಂದರಲ್ಲಿ ಅದು ತಾನೇ ಬಂದೀತೆಂದು ಕಾದೆ. ಬರಲಿಲ್ಲ, ಕಾರು ಬಲಕ್ಕೇ ವಾಲಿತು. ಎದುರಿಗೆ ಏರಿ ಬರುತ್ತಿದ್ದ ಬಸ್ಸು ಹಾರ್ನ್ ಹೊಡೆದು ನಿಂತಿತು. ಮೊಣಕಾಲು ನಡುಗಿತು. ನಮ್ಮವರು ಏನಾದರೂ ಅನ್ನುತ್ತಾರೆಂದು ಕಾದೆ; ಅವರು ನೀರಿನ ಬಾಟಲಿ ಮುಂದೆ ಹಿಡಿದರು, ಅಷ್ಟೇ.

ಆಗ ನೆನಪಾದದ್ದು ಮನೆಗೆ ಮೊದಲು ಗ್ರೈಂಡರ್ ಬಂದಾಗಿನ ಅತ್ತೆಯವರ ಮಾತು. ಒರಳಲ್ಲಿ ರುಬ್ಬುವಾಗ ಗುಂಡಿನ ಭಾರವೇ ಹಿಟ್ಟಿನ ಹದ ತಿಳಿಸುತ್ತಿತ್ತು. ಈ ಯಂತ್ರ ಏನೂ ಹೇಳುವುದಿಲ್ಲ ಎಂದು ಅವರು ಗೊಣಗುತ್ತಿದ್ದರು. ಒಂದೆರಡು ವಾರದಲ್ಲೇ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಹದ ಹೇಳತೊಡಗಿದರು. ಬಲ ಹೋಗಿತ್ತು, ಹದ ಹೋಗಿರಲಿಲ್ಲ.

ನಾನೂ ಹಾಗೇ ಮಾಡಿದೆ. ಹಿಡಿತ ಸಡಿಲಿಸಿದೆ. ಕಣ್ಣನ್ನು ಕಾರಿನ ಮೂತಿಯಿಂದ ತೆಗೆದು ತಿರುವಿನ ಕೊನೆಗೆ ಇಟ್ಟೆ. ಚಕ್ರವನ್ನು ಬಿಟ್ಟುಕೊಡದೆ ನಾನೇ ಮೆಲ್ಲಗೆ ನೇರಕ್ಕೆ ತಂದೆ. ಆಗ ರಸ್ತೆಯ ಮಾತು ಮತ್ತೆ ಕೇಳಿಸಿತು: ಅಂಗೈಗೆ ಕಡಿಮೆ, ಕುಳಿತ ಸೀಟಿಗೆ, ಟೈರಿನ ಸದ್ದಿಗೆ ಹೆಚ್ಚು. ಕೊನೆಯ ತಿರುವುಗಳ ಹೊತ್ತಿಗೆ ನಮ್ಮವರು ಹಿಡಿ ಬಿಟ್ಟು ಕಡಲೆಕಾಯಿ ಬಿಡಿಸುತ್ತಿದ್ದರು.

ಮುಂದಿನ ತಿಂಗಳು ಅಮ್ಮ ಗೇಟಿನವರೆಗೆ ಬಂದು ಪಕ್ಕದ ಖಾಲಿ ಸೀಟನ್ನು ಬಗ್ಗಿ ನೋಡಿದಳು.

"ಒಬ್ಬಳೇ ಬಂದದ್ದಾ?"

"ಹೌದಮ್ಮ" ಎಂದೆ. ಭುಜ ಏನೂ ಅನ್ನಲಿಲ್ಲ.