ಅಫ್‌ಗೋಯೆ ದಾರಿಯ ಆಸರೆ

ಸೋಮಾಲಿಯಾದ ರಾಜಧಾನಿ ಮೊಗದಿಶು ಹಿಂದೂ ಮಹಾಸಾಗರದ ದಂಡೆಯ ಮೇಲಿದೆ. ಅಲ್ಲಿಂದ ಒಳನಾಡಿನತ್ತ ಸುಮಾರು 30 ಕಿಲೋಮೀಟರು ಸಾಗಿದರೆ ಶಬೆಲ್ಲೆ ನದಿಯೂ ಅದರ ತಟದಲ್ಲಿ ಅಫ್‌ಗೋಯೆ ಪಟ್ಟಣವೂ ಸಿಗುತ್ತವೆ. ವಿಚಿತ್ರವಾದ ನದಿಯಿದು. ಇಥಿಯೋಪಿಯಾದ ಬೆಟ್ಟಗಳಲ್ಲಿ ಹುಟ್ಟಿ ಕಡಲಿನ ಸನಿಹಕ್ಕೆ ಬಂದರೂ ಅದನ್ನು ಸೇರದೆ, ಕರಾವಳಿಗುಂಟ ತಿರುಗಿ, ಬಹುತೇಕ ವರ್ಷಗಳಲ್ಲಿ ಜೌಗಿನಲ್ಲಿಯೂ ಮರಳಿನಲ್ಲಿಯೂ ಇಂಗಿಹೋಗುತ್ತದೆ.

ನದಿಯ ನೀರುಂಡ ಬಾಳೆಯ ತೋಟಗಳಿಗೆ ಹೆಸರಾಗಿದ್ದ ಈ ದಾರಿಯ ಇಕ್ಕೆಲಗಳನ್ನು ಕಾಲಕ್ರಮದಲ್ಲಿ ನಿರ್ವಸಿತರ ಗುಡಿಸಲುಗಳು ಆವರಿಸಿದವು. ಕಡ್ಡಿಗಳನ್ನು ಬಗ್ಗಿಸಿ ಕಟ್ಟಿ, ಮೇಲೆ ಚಿಂದಿ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದರೆ ಒಂದು ಸಂಸಾರಕ್ಕೆ ಮನೆ. ಅಲೆಮಾರಿ ಸೋಮಾಲಿಗಳಲ್ಲಿ ಮನೆ ಕಟ್ಟುವವರೂ ಹೆಂಗಸರೇ, ಅದನ್ನು ಬಿಚ್ಚಿ ಒಂಟೆಯ ಮೇಲೆ ಹೇರುವವರೂ ಹೆಂಗಸರೇ. ಆ ಹಳೆಯ ವಿದ್ಯೆ ಇಲ್ಲಿ ಒದಗಿಬಂದಿತು. ಒಂಟೆ ಮಾತ್ರ ಇಲ್ಲ.

ಇದೇ ದಾರಿಯ ಬದಿಯಲ್ಲಿ, ತಮ್ಮ ಮನೆತನದ ಜಮೀನಿನಲ್ಲಿ, ಡಾಕ್ಟರ್ ಹವಾ ಅಬ್ದಿಯವರು 1983ರಲ್ಲಿ ಒಂದೇ ಕೋಣೆಯ ಹೆರಿಗೆ ಚಿಕಿತ್ಸಾಲಯವನ್ನು ತೆರೆದರು. ಬಾಲ್ಯದಲ್ಲಿಯೇ ತಾಯಿಯನ್ನು ಬಸಿರಿನ ತೊಡಕಿಗೆ ಕಳೆದುಕೊಂಡಿದ್ದ ಈಕೆ ಕೀವ್ ನಗರದಲ್ಲಿ ವೈದ್ಯಶಾಸ್ತ್ರವನ್ನು ಕಲಿತು ಬಂದವರು. 1991ರಲ್ಲಿ ಸರ್ಕಾರ ಕುಸಿದು ಅಂತರ್ಯುದ್ಧ ಹೊತ್ತಿತು, ಮರುವರ್ಷ ಕ್ಷಾಮ. ಚಿಕಿತ್ಸೆಗೆಂದು ಬಂದವರು ಮರಳಲು ಊರಿಲ್ಲದೆ ಮರದಡಿಯಲ್ಲಿಯೇ ನಿಂತರು. 2007ರ ಕಾಳಗದ ಬಳಿಕ ಬಂದವರೂ ಸೇರಿ ಆ ಜಮೀನಿನಲ್ಲಿ ಸುಮಾರು 90,000 ಜನ ನೆಲೆಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ನೆಲಕ್ಕೆ ಬಾಡಿಗೆಯಿಲ್ಲ, ನೀರಿಗೆ ಬೆಲೆಯಿಲ್ಲ. ಕಟ್ಟಳೆಗಳು ಎರಡೇ: ಕುಲದ ಮಾತು ಎತ್ತಬಾರದು, ಹೆಂಡತಿಯ ಮೇಲೆ ಕೈ ಮಾಡಬಾರದು. ಎರಡನೆಯದನ್ನು ಮೀರಿದ ಗಂಡಂದಿರನ್ನು ಉಗ್ರಾಣದಲ್ಲಿ ಕೂಡಿಹಾಕುತ್ತಿದ್ದರಂತೆ! ಕುಲಕ್ಕಾಗಿ ಕೊಲೆ ನಡೆಯುತ್ತಿದ್ದ ನಾಡಿನಲ್ಲಿ ಮೊದಲನೆಯದೂ ಸಾಮಾನ್ಯವಾದ ಕಟ್ಟಳೆಯಲ್ಲ.

2010ರ ಮೇ ತಿಂಗಳಿನಲ್ಲಿ ಹಿಜ್ಬುಲ್ ಇಸ್ಲಾಮ್ ಪಂಗಡದ ನೂರಾರು ಬಂದೂಕುಧಾರಿಗಳು ಆಸ್ಪತ್ರೆಗೆ ನುಗ್ಗಿದರು. ಹೆಂಗಸೊಬ್ಬಳು ಇಷ್ಟು ದೊಡ್ಡ ಸಂಸ್ಥೆಯನ್ನು ನಡೆಸಕೂಡದೆಂಬುದು ಅವರ ವಾದ. ಸಲಕರಣೆಗಳನ್ನು ಒಡೆದರು, ವೈದ್ಯೆಯನ್ನು ಸೆರೆಯಲ್ಲಿಟ್ಟರು. ನೀವು ಸಮಾಜಕ್ಕೆ ಮಾಡಿದ್ದೇನೆಂದು ಆಕೆ ಅವರನ್ನೇ ಕೇಳಿದರು. ಆಸರೆ ಪಡೆದಿದ್ದ ಹೆಂಗಸರು ಪ್ರತಿಭಟಿಸಿದರು. ಹೊರದೇಶಗಳ ಸೋಮಾಲಿಗಳೂ ದನಿಗೂಡಿಸಿದರು. ಕಡೆಗೆ ಬಂದೂಕಿನವರು ಮಣಿದರು. ಅಷ್ಟಕ್ಕೆ ಆಕೆ ತೃಪ್ತರಾಗಲಿಲ್ಲ. ಕ್ಷಮಾಪಣೆ ಬರವಣಿಗೆಯಲ್ಲಿಯೇ ಬೇಕೆಂದರು, ಬರೆಯಿಸಿಯೂ ಕೊಂಡರು.

ವೈದ್ಯರಾದ ಇಬ್ಬರು ಹೆಣ್ಣುಮಕ್ಕಳಿಗೆ ಕೆಲಸವನ್ನು ಕಲಿಸಿಟ್ಟು, 2020ರ ಆಗಸ್ಟ್ 5ರಂದು ಡಾಕ್ಟರ್ ಹವಾ ಅಬ್ದಿ ಮೊಗದಿಶುವಿನಲ್ಲಿ ತೀರಿಕೊಂಡರು. ನಾಡಿನೊಳಗೇ ನೆಲೆ ತಪ್ಪಿದವರ ಸಂಖ್ಯೆ 2023ರಲ್ಲಿ 30 ಲಕ್ಷವನ್ನು ಮೀರಿತ್ತು. ರಾಜಧಾನಿಯ ಹೊರವಲಯದಲ್ಲಿ ಅವರಲ್ಲಿ ಅನೇಕರು ಪರರ ನೆಲದಲ್ಲಿದ್ದಾರೆ. ಅಲ್ಲಿ ಬಂದ ನೆರವಿನಲ್ಲಿ ಪಾಲು ಕೇಳುವ ದಲ್ಲಾಳಿಗಳುಂಟು. ಜನ ಅವರನ್ನು ‘ಕರಿಬೆಕ್ಕುಗಳು’ ಎನ್ನುತ್ತಾರೆ. ಪಾಲು ಕೊಟ್ಟರೂ ನೆಲ ಖಾಯಮ್ಮಲ್ಲ. ಒಡೆಯನು ಜಾಗ ಕೇಳಿದ ದಿನ ಹೆಂಗಸರು ಕಡ್ಡಿಗಳನ್ನು ಬಿಚ್ಚಿ, ಮಕ್ಕಳನ್ನು ಎತ್ತಿಕೊಂಡು, ಮತ್ತೊಂದು ಬಯಲನ್ನು ಅರಸಬೇಕು.