ತುರಿಕೆಗೆ ಟ್ಯೂಬ್ ತರೋಕೆ ಮುಂಚೆ, ಎಲ್ಲಿ ತುರಿಸುತ್ತೆ ನೋಡಿ

ಕಬ್ಬಿನ ತರಗಿನ ಬಗ್ಗೆ ಮುಂದಿನ ಭಾಗ ಬರೀತೀನಿ ಅಂದಿದ್ದೆ, ಅದು ಇನ್ನೊಂದು ವಾರ ತಡ ಆಗುತ್ತೆ. ಮಳೆ ಹಿಡಿದ ಮೇಲೆ ನಾಲೆ ಏರಿ ಮೇಲೆಲ್ಲಾ ಕಾಂಗ್ರೆಸ್ ಗಿಡ ಮೊಣಕಾಲುದ್ದ ಬಂದುಬಿಟ್ಟಿದೆ. ಇನ್ನು ಹದಿನೈದು ದಿನಕ್ಕೆ ಹೂವು. ಅದಕ್ಕೇ ಈ ಸಲ ಬೆಳೆಗೆ ಬರೋ ರೋಗ ಬಿಟ್ಟು ನಮ್ಮ ಮೈಗೆ ಬರೋ ರೋಗದ ಬಗ್ಗೆ ನಾಲ್ಕು ಮಾತು. ಉದ್ದ ಇದೆ, ಬಿಡುವಾದಾಗ ಓದಿ.

ಭತ್ತದ ಎಲೆ ಮೇಲೆ ಒಂದು ಚುಕ್ಕೆ ಕಂಡ್ರೆ ನಾವು ಏನೇನು ನೋಡ್ತೀವಿ ಹೇಳಿ. ಕಣ್ಣಿನ ಆಕಾರದಲ್ಲಿದೆಯೋ ದುಂಡಗಿದೆಯೋ, ನಡುವೆ ಬೂದಿ ಬಣ್ಣ ಇದೆಯೋ, ಅಂಚಿನಿಂದ ಒಣಗ್ತಾ ಇದೆಯೋ. ಬೆಂಕಿ ರೋಗನೋ ಕಂದು ಚುಕ್ಕೆನೋ ಅಂತ ಬದು ಮೇಲೆ ನಿಂತೇ ಅರ್ಧ ಗಂಟೆ ವಾದ ಮಾಡ್ತೀವಿ. ಅದೇ ನಮ್ಮ ತೊಡೆ ಸಂದಿಯಲ್ಲಿ ಚುಕ್ಕೆ ಬಂದ್ರೆ? ಮೆಡಿಕಲ್ ಸ್ಟೋರ್‌ಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಪ್ಪ" ಅಂದುಬಿಡ್ತೀವಿ. ಯಾವ ತುರಿಕೆ ಅಂತ ಅವನೂ ಕೇಳಲ್ಲ, ನಾವೂ ಹೇಳಲ್ಲ.

ನಾನು ಡಾಕ್ಟರಲ್ಲ, ಮೊದಲೇ ಹೇಳಿಬಿಡ್ತೀನಿ. ಆದ್ರೆ ನಮ್ಮಣ್ಣನ ಜೊತೆ ಎರಡು ವರ್ಷ ಚರ್ಮದ ವಿಭಾಗದ ಬೆಂಚಿನ ಮೇಲೆ ಕೂತಿದ್ದೀನಿ. ಆ ಬೆಂಚಿನಲ್ಲಿ ಪಕ್ಕ ಕೂತವರೆಲ್ಲಾ ನಮ್ಮಂಥೋರೇ. ಕೇಳ್ತಾ ಕೇಳ್ತಾ, ಡಾಕ್ಟರ್ ಏನು ನೋಡ್ತಾರೆ ಅಂತ ಗಮನಿಸ್ತಾ ಗಮನಿಸ್ತಾ ಸ್ವಲ್ಪ ತಿಳೀತು.

ಅಣ್ಣನಿಗೆ ಶುರುವಾಗಿದ್ದು ಕಣ್ಣಿನ ರೆಪ್ಪೆಯಿಂದ. ಬೆಳಿಗ್ಗೆ ಎದ್ದಾಗ ರೆಪ್ಪೆ ಊದಿಕೊಂಡು ಕೆಂಪಗಾಗೋದು. ಆಮೇಲೆ ಕತ್ತು, ಮೊಣಕೈ ಮಡಿಕೆ. ಒಂದು ವರ್ಷ ಆಗೋ ಹೊತ್ತಿಗೆ ಮುಖ, ಕತ್ತಿನ ಚರ್ಮ ಎಮ್ಮೆ ಚರ್ಮದ ಹಾಗೆ ದಪ್ಪ ಆಗಿ, ಕಪ್ಪಾಗಿ, ಗೆರೆ ಗೆರೆ ಬಿದ್ದುಹೋಯ್ತು. ರಾತ್ರಿ ನಿದ್ದೆ ಇಲ್ಲ. ಔಷಧಿ ಹೊಡೆದಿದ್ದಕ್ಕೆ ಬಂತು ಅಂದ್ರು ಕೆಲವರು. ನಾಗದೋಷ ಅಂದ್ರು ಇನ್ನು ಕೆಲವರು, ಅದಕ್ಕೂ ಖರ್ಚಾಯ್ತು. ಪೇಟೆಯ ಒಂದು ಕ್ಲಿನಿಕ್‌ನಲ್ಲಿ ಸೂಜಿ ಚುಚ್ಚೋರು, ಮೂರು ವಾರ ಆರಾಮು, ಮತ್ತೆ ಅದೇ ಕಥೆ. ಹೀಗೆ ಎಷ್ಟು ಸೂಜಿ ಆಯ್ತೋ ಲೆಕ್ಕ ಇಲ್ಲ. ಮುಖ ಗುಂಡಗಾಯ್ತು, ಸಕ್ಕರೆ ಕಾಯಿಲೆ ಕಾಣಿಸಿಕೊಳ್ತು.

ಕೊನೆಗೆ ಚರ್ಮದ ಡಾಕ್ಟರ್ ಹತ್ರ ಹೋದಾಗ ಆ ಮೇಡಂ ಮಾಡಿದ ಮೊದಲ ಕೆಲಸ, ಅಣ್ಣನ ಗದ್ದ ಎತ್ತಿ ಕೆಳಗೆ ನೋಡಿದ್ದು. ಆಮೇಲೆ ಕಿವಿ ಹಿಂದೆ. ಬರೀ ಬಿಸಿಲಿಗೆ ಬರೋ ಅಲರ್ಜಿ ಆಗಿದ್ರೆ ಬಿಸಿಲು ಬೀಳೋ ಜಾಗದಲ್ಲಿ ಮಾತ್ರ ಇರುತ್ತಂತೆ. ಗದ್ದದ ಕೆಳಗಿನ ನೆರಳು, ಕಿವಿ ಹಿಂದೆ, ಕಣ್ಣಿನ ರೆಪ್ಪೆ ಇವೆಲ್ಲಾ ತಪ್ಪಿಸಿಕೊಳ್ಳುತ್ತವಂತೆ. ಆ ಜಾಗಗಳಲ್ಲೂ ಇದೆ ಅಂದ್ರೆ ಗಾಳಿಯಲ್ಲಿ ಬಂದು ಕೂರೋದು ಏನೋ ಇದೆ ಅಂತ ಅರ್ಥ. "ನಿಮ್ಮ ಗದ್ದೆ ಹತ್ರ ಪಾರ್ಥೇನಿಯಂ ಇದೆಯಾ?" ಅಂತ ಕೇಳಿದ್ರು. ಇದೆಯಾ ಅಂತ ಕೇಳಬೇಕಾ, ಅದರೊಳಗೇ ನಮ್ಮ ಗದ್ದೆ ಇರೋದು! ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡಿದ್ರು. ಒಂದು ಜಾಗದಲ್ಲಿ ಕೆಂಪಗೆ ಗುಳ್ಳೆ ಎದ್ದಿತ್ತು. ಅದೇ ಗಿಡದ್ದು.

ಈ ಗಿಡ ನಮ್ಮ ದೇಶದ್ದಲ್ಲ. 1950ರ ದಶಕದಲ್ಲಿ ಪುಣೆ ಕಡೆ ಮೊದಲು ಕಂಡಿದ್ದು, ಅಮೆರಿಕದಿಂದ ಬಂದ ಗೋಧಿ ಜೊತೆ ಬೀಜ ಬಂತು ಅಂತಾರೆ. ಇದರಲ್ಲಿ ಪಾರ್ಥೆನಿನ್ ಅನ್ನೋ ಅಂಶ ಇದೆ. ಎಲೆ, ಕಾಂಡದ ಮೇಲಿನ ಸಣ್ಣ ಸಣ್ಣ ರೋಮದಲ್ಲಿ ಅದು ಇರುತ್ತೆ. ಹಸಿ ಗಿಡ ಮುಟ್ಟಿದ್ರೆ ಮಾತ್ರ ಅಲ್ಲ, ಒಣಗಿ ಪುಡಿಯಾಗಿ ಧೂಳಿನ ಜೊತೆ ಹಾರಿ ಬಂದ್ರೂ ಸಾಕು. ಇನ್ನೊಂದು ವಿಷಯ, ಇದು ಮುಟ್ಟಿದ ದಿನವೇ ಬರೋ ಕಾಯಿಲೆ ಅಲ್ಲ. ವರ್ಷಗಟ್ಟಲೆ ಆ ಗಿಡದ ನಡುವೆ ಓಡಾಡಿ ಏನೂ ಆಗದೆ ಇದ್ದವನಿಗೆ ಒಂದು ವರ್ಷ ಇದ್ದಕ್ಕಿದ್ದ ಹಾಗೆ ಮೈ ಒಗ್ಗಲ್ಲ ಅಂದುಬಿಡುತ್ತೆ. "ಇಪ್ಪತ್ತು ವರ್ಷದಿಂದ ಕೀಳ್ತಾ ಇದ್ದೀನಿ, ನನಗೇನಾಗಿದೆ?" ಅನ್ನೋರು ಇದನ್ನ ಸ್ವಲ್ಪ ಯೋಚನೆ ಮಾಡಿ. ಒಮ್ಮೆ ಅಲರ್ಜಿ ಹತ್ತಿಕೊಂಡ್ರೆ ಸಾಮಾನ್ಯವಾಗಿ ಬಿಟ್ಟು ಹೋಗಲ್ಲ. ಅದೇ ಕುಟುಂಬದ ಸೇವಂತಿಗೆ, ಸೂರ್ಯಕಾಂತಿ ಕೂಡ ಕೆಲವರಿಗೆ ಆಗಲ್ಲ. ಸೇವಂತಿಗೆ ಬೆಳೆಯೋರು ಕೈ ಬೆರಳು, ರೆಪ್ಪೆ ಕಡೆ ಒಂದು ಕಣ್ಣಿಟ್ಟಿರಿ.

ಅಣ್ಣ ಈಗ ಮಳೆಗಾಲದಲ್ಲಿ ಗದ್ದೆಗೆ ಇಳಿಯಲ್ಲ. ಅವನ ಭಾಗವನ್ನೂ ನಾನೇ ನೋಡಿಕೊಳ್ತಾ ಇದ್ದೀನಿ. ಮೂವತ್ತು ವರ್ಷ ನೀರು ಕಟ್ಟಿದ ಮನುಷ್ಯ, ನಾಟಿ ದಿನ ಕಿಟಕಿ ಹಾಕಿಕೊಂಡು ಒಳಗೆ ಕೂರಬೇಕು ಅಂದ್ರೆ ಹೇಗಿರುತ್ತೆ, ನೀವೇ ಹೇಳಿ. ಸಂಜೆ ನಾನು ಮನೆಗೆ ಬಂದ್ರೆ ಯಾವ ತಾಕಿಗೆ ನೀರು ಹೋಯ್ತು, ಯಾವ ಬದು ಒಡೆದಿದೆ ಅಂತ ಒಂದೊಂದನ್ನೂ ಕೇಳ್ತಾನೆ.

ಇನ್ನು ಟ್ಯೂಬಿನ ವಿಷಯ. ಅಣ್ಣನಿಗೆ ಮೇಡಂ ಕೊಟ್ಟಿದ್ದು ಸ್ಟೆರಾಯ್ಡ್ ಮುಲಾಮೇ. ಎಷ್ಟು ದಿನ, ಎಲ್ಲಿ, ಎಷ್ಟು ತೆಳ್ಳಗೆ ಅಂತ ಬರೆದುಕೊಟ್ಟಿದ್ರು. ಅದೇ ಬೆಂಚಿನಲ್ಲಿ ಪಕ್ಕ ಕೂತಿದ್ದ ಹುಡುಗ ಬಂದಿದ್ದು ಅಂಥದೇ ಮುಲಾಮು ಹಚ್ಚಿ ಕೆಡಿಸಿಕೊಂಡು. ಅವನಿಗಿದ್ದದ್ದು ಹುಳುಕಡ್ಡಿ, ಗಜಕರ್ಣ ಅಂತೀವಲ್ಲ ಅದು. ಅಲರ್ಜಿ ಅಂದ್ರೆ ಮೈಯ ಕಾವಲುಗಾರ ಸುಮ್ಮಸುಮ್ಮನೆ ರೇಗೋದು, ಅವನನ್ನ ಸ್ಟೆರಾಯ್ಡ್ ಸಮಾಧಾನ ಮಾಡುತ್ತೆ. ಹುಳುಕಡ್ಡಿ ಹಾಗಲ್ಲ, ಅದು ಶಿಲೀಂಧ್ರ, ನಮ್ಮ ಬೆಳೆಗೆ ಬರೋ ಬೂಷ್ಟಿನ ಜಾತಿಯದ್ದು. ಅಲ್ಲಿ ಕಾವಲುಗಾರನನ್ನ ಮಲಗಿಸಿದ್ರೆ ಕಳ್ಳನಿಗೆ ಹಬ್ಬ. ತುರಿಕೆ ಎರಡು ದಿನದಲ್ಲಿ ನಿಲ್ಲುತ್ತೆ, ಕೆಂಪು ಇಳಿಯುತ್ತೆ, ವಾಸಿ ಆಯ್ತು ಅಂದುಕೊಳ್ತೀವಿ. ಒಳಗೆ ಅದು ಹರಡ್ತಾ ಇರುತ್ತೆ. ನಿಲ್ಲಿಸಿದ ವಾರಕ್ಕೆ ಅಂಗೈ ಅಗಲ ಇದ್ದದ್ದು ಸೊಂಟದ ಸುತ್ತ. ತೊಡೆ ಸಂದಿ ಚರ್ಮ ತೆಳ್ಳಗಾಗಿ ಹೆಂಗಸರ ಹೊಟ್ಟೆ ಮೇಲೆ ಬರುತ್ತಲ್ಲ, ಆ ಥರ ಬಿರುಕು ಗೆರೆ ಬೀಳುತ್ತೆ. ಆ ಗೆರೆ ಮತ್ತೆ ಹೋಗಲ್ಲ.

ಗುರುತು ಸುಲಭ. ಹುಳುಕಡ್ಡಿ ಬಳೆಯ ಹಾಗೆ ಹರಡುತ್ತೆ: ಅಂಚು ಕೆಂಪಗೆ ಉಬ್ಬಿ ಹೊಟ್ಟು ಹೊಟ್ಟು, ನಡುವೆ ವಾಸಿಯಾದ ಹಾಗೆ ತಿಳಿ. ಸ್ಟೆರಾಯ್ಡ್ ಹಚ್ಚಿದ್ರೆ ಈ ಗುರುತೇ ಅಳಿಸಿ ಹೋಗುತ್ತೆ, ಡಾಕ್ಟರಿಗೂ ಕಷ್ಟ. ಅದಕ್ಕೇ ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಈ ಹೆಸರಿದ್ರೆ ಡಾಕ್ಟರ್ ಬರೆದುಕೊಡದೆ ಹಚ್ಚಬೇಡಿ, ಜೊತೆಗೆ ಇನ್ನೆರಡು ಔಷಧಿ ಬೆರೆತಿದ್ರೂ ಅಷ್ಟೇ. ಕೀಟನಾಶಕದ ಡಬ್ಬಿ ಮೇಲಿನ ಹೆಸರು ಓದಿ ತರೋರು ನಾವು, ಇದನ್ನ ಓದೋಕೆ ಏನಂತೆ? ಶಿಲೀಂಧ್ರದ ಮುಲಾಮನ್ನ ಬಳೆಯ ಅಂಚಿನಿಂದ ಎರಡು ಬೆರಳು ಆಚೆವರೆಗೂ ಹಚ್ಚಬೇಕು, ವಾಸಿಯಾದಂಗೆ ಕಂಡ್ರೂ ಡಾಕ್ಟರ್ ಹೇಳಿದಷ್ಟು ದಿನ ಬಿಡಬಾರದು. ಈಗಿನ ಹುಳುಕಡ್ಡಿ ಮೊದಲಿನ ಹಾಗೆ ಬೇಗ ಬಗ್ಗಲ್ಲ. ಒದ್ದೆ ಒಳಚಡ್ಡಿ, ಬಿಗಿ ಜೀನ್ಸ್, ಮನೆಯವರೆಲ್ಲಾ ಒಂದೇ ಟವೆಲ್, ಇದೇ ಅದರ ಗೊಬ್ಬರ. ಕರುವಿನ ಕಣ್ಣಿನ ಸುತ್ತ, ಕತ್ತಿನ ಮೇಲೆ ಬೂದು ಬಣ್ಣದ ಹೆಕ್ಕಳ ಕಂಡ್ರೆ ಅದೂ ಇದೇ ಇರಬಹುದು, ದನದಿಂದ ಮನುಷ್ಯರಿಗೆ ಅಂಟುತ್ತೆ. ಮಕ್ಕಳು ಕರು ತಬ್ಬಿಕೊಳ್ಳೋ ಮುಂಚೆ ನೋಡಿ.

ಕಜ್ಜಿಗೆ ಗುರುತು ರಾತ್ರಿ. ಹಗಲು ಹೇಗೋ ಇರುತ್ತೆ, ಹಾಸಿಗೆಗೆ ಬಿದ್ರೆ ತುರಿಕೆ ತಡೆಯೋಕಾಗಲ್ಲ. ಕೈಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ, ಕುಂಡೆ. ಮನೆಯಲ್ಲಿ ಇನ್ನೊಬ್ಬರೂ ಕೆರೀತಾ ಇದ್ರೆ ಬಹುತೇಕ ಅದೇ. ಇದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಚರ್ಮದಲ್ಲಿ ಬಿಲ ತೋಡೋದು, ತೆಂಗಿಗೆ ನುಸಿ ಬಂತಲ್ಲ ಹಾಗೆ. ಒಬ್ಬರಿಗೆ ಮಾತ್ರ ಔಷಧಿ ಹಚ್ಚಿದ್ರೆ ದುಡ್ಡು ದಂಡ. ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲಾ ಒಂದೇ ರಾತ್ರಿ ಹಚ್ಚಬೇಕು, ವಾರ ಬಿಟ್ಟು ಇನ್ನೊಮ್ಮೆ. ಹಾಸಿಗೆ ಬಟ್ಟೆ ಬಿಸಿನೀರು, ಬಿಸಿಲು. ಒಗೆಯೋಕಾಗದ ಕಂಬಳಿ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ನುಸಿ ಸತ್ತ ಮೇಲೂ ಕೆಲವು ವಾರ ತುರಿಕೆ ಇರುತ್ತೆ, ಗಾಬರಿಯಾಗಿ ದಿನಾ ಹಚ್ಚಬೇಡಿ.

ಸರ್ಪಸುತ್ತಿಗೆ ಕಾವಿ ಬಳಿಯೋ ಮನೆಗಳು ನಮ್ಮ ಊರಲ್ಲಿ ಈಗಲೂ ಇವೆ, ಬೇಜಾರು ಮಾಡ್ಕೋಬೇಡಿ. ತಲೆ ಬಾಲ ಕೂಡಿದ್ರೆ ಸಾಯ್ತಾರೆ ಅನ್ನೋದು ಸುಳ್ಳು. ಅದು ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್, ನರದಲ್ಲಿ ಮಲಗಿದ್ದು ಎದ್ದು ಬರೋದು. ಒಂದೇ ಮಗ್ಗುಲು, ಪಟ್ಟಿ ಹಾಗೆ, ಗುಳ್ಳೆಗೆ ಮುಂಚೆ ಉರಿ ನೋವು. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುಮಾಡಿದ್ರೆ ಒಳ್ಳೇದು, ಕಣ್ಣಿನ ಹತ್ರ ಬಂದ್ರೆ ಅದೇ ದಿನ ಓಡಿ. ಆದ್ರೆ ಮಳೆಗಾಲದಲ್ಲಿ ಲೈಟಿಗೆ ಬರೋ ಕಪ್ಪು-ಕಿತ್ತಳೆ ಬಣ್ಣದ ಇರುವೆಯಂಥ ಹುಳ ಇದೆಯಲ್ಲ, ಅದನ್ನ ಕತ್ತಿನ ಮೇಲೆ ಉಜ್ಜಿಬಿಟ್ರೆ ಮಾರನೇ ದಿನ ಸುಟ್ಟ ಗೆರೆಯ ಹಾಗೆ ಏಳುತ್ತೆ. ಅದನ್ನೂ ಸರ್ಪಸುತ್ತು ಅಂತ ಓಡಾಡಿದವರಿದ್ದಾರೆ. ಹುಳ ಕೂತ್ರೆ ಉಜ್ಜಬೇಡಿ, ಊದಿ ಹಾರಿಸಿ, ಸೋಪಿನಲ್ಲಿ ತೊಳೀರಿ.

ಈಗ ಮುಖ್ಯವಾದದ್ದು, ತುರಿಸದೆ ಇರೋ ಮಚ್ಚೆ. ಬೆನ್ನು, ಎದೆ ಮೇಲೆ ತಿಳಿಬಣ್ಣದ ಚುಕ್ಕೆ ಚುಕ್ಕೆ, ಉಗುರಲ್ಲಿ ಕೆರೆದ್ರೆ ಹಿಟ್ಟಿನ ಹಾಗೆ ಉದುರಿದ್ರೆ ಅದು ಚಿಬ್ಬು, ಬೆವರಿನವರಿಗೆ ಬರೋದು, ಹೆದರಬೇಕಾಗಿಲ್ಲ. ಹಾಲಿನ ಹಾಗೆ ಪೂರ್ತಿ ಬಿಳಿ ಇದ್ರೆ ತೊನ್ನು, ಅದು ಅಂಟಲ್ಲ. ಆದ್ರೆ ಮಸುಕು ಬಿಳುಪು ಅಥವಾ ತಾಮ್ರದ ಬಣ್ಣದ ಮಚ್ಚೆ, ಬೆವರಲ್ಲ, ಕೂದಲು ಉದುರಿದೆ ಅಂದ್ರೆ, ಕಣ್ಣು ಮುಚ್ಚಿಸಿ ಹತ್ತಿ ಎಳೆ ಮುಟ್ಟಿಸಿ ನೋಡಿ. ಗೊತ್ತಾಗಲಿಲ್ಲ ಅಂದ್ರೆ ಕುಷ್ಠ ಇರಬಹುದು.

ನಮ್ಮ ನಾಟಿಗೆ ಬರೋ ಒಬ್ಬ ಹೆಣ್ಣುಮಗಳು ಒಲೆ ಮೇಲಿನ ಪಾತ್ರೆ ಬರಿಗೈಲಿ ಇಳಿಸಿ, ಬೊಬ್ಬೆ ಎದ್ದದ್ದು ಮಾರನೇ ದಿನ ನೋಡಿಕೊಂಡಳು. ಮೊಣಕೈ ಹತ್ರ ಮಚ್ಚೆ ಎರಡು ವರ್ಷದಿಂದ ಇತ್ತಂತೆ, ಮಗಳ ಮದುವೆ ಆಗಲಿ ಅಂತ ತೋಳು ಮುಚ್ಚೋ ರವಿಕೆ ಹಾಕಿಕೊಂಡು ಮುಚ್ಚಿಟ್ಟಿದ್ದಳು. ನನ್ನ ಹೆಂಡತಿ ಆಶಾ ಕಾರ್ಯಕರ್ತೆಗೆ ಹೇಳಿ, ಅವರು ಗುಟ್ಟಾಗಿ ಕರೆದುಕೊಂಡು ಹೋದ್ರು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪೂರ್ತಿ ಉಚಿತ. ಮಚ್ಚೆ ಕಡಿಮೆ ಇದ್ರೆ ಆರು ತಿಂಗಳು, ಜಾಸ್ತಿ ಇದ್ರೆ ಒಂದು ವರ್ಷ. ಮೊದಲ ಮಾತ್ರೆ ನುಂಗಿದ ದಿನ ಮೂತ್ರ ಕೆಂಪಗೆ ಬಂತು ಅಂತ ಹೆದರಿದ್ದಳು, ಅದು ಆ ಮಾತ್ರೆಯ ಬಣ್ಣ ಅಷ್ಟೇ. ಔಷಧಿ ಶುರುವಾದ್ರೆ ಇನ್ನೊಬ್ಬರಿಗೆ ಹರಡೋದು ನಿಲ್ಲುತ್ತೆ. ಕೋರ್ಸ್ ಮುಗೀತು, ಮಗಳ ಮದುವೆನೂ ಆಯ್ತು, ಹೋದ ಸಲ ನಮ್ಮ ಗದ್ದೆಯಲ್ಲೇ ನಾಟಿ ಹಾಕಿದಳು. ಆದ್ರೆ ಎರಡು ಬೆರಳಲ್ಲಿ ಸ್ಪರ್ಶ ವಾಪಸ್ ಬರಲಿಲ್ಲ. ಮುಚ್ಚಿಟ್ಟ ಎರಡು ವರ್ಷದ ಬೆಲೆ ಅದು. ಯಾರು ಅಂತ ಕೇಳಬೇಡಿ, ಹೇಳಲ್ಲ.

ಪದೇ ಪದೇ ಕುರು ಏಳೋರು, ಕಾಲ್ಬೆರಳ ಸಂದಿ ಕೊಳೆತದ್ದು ಗದ್ದೆ ಕೆಲಸ ಮುಗಿದ ಮೇಲೂ ಮಾಯದೋರು, ಮುಂದೊಗಲು ತುರಿಸೋರು ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಮೈಮೇಲೆ ಏನೂ ಇಲ್ಲ, ಬರೀ ತುರಿಕೆ ತಿಂಗಳಾದ್ರೂ ಹೋಗ್ತಿಲ್ಲ ಅಂದ್ರೆ ರಕ್ತ ಪರೀಕ್ಷೆ ಬೇಕು, ಮೂತ್ರಪಿಂಡ, ಪಿತ್ತಕೋಶ, ಥೈರಾಯ್ಡ್ ಯಾವುದಾದ್ರೂ ಕಾರಣ ಇರಬಹುದು.

ಗಿಡದ ವಿಷಯಕ್ಕೆ ಬರ್ತೀನಿ. ಬಿಳಿ ಮೈಮೇಲೆ ಕಂದು ಗೆರೆ ಇರೋ ಚಿಕ್ಕ ದುಂಬಿ ಅದರ ಎಲೆ ತಿಂತಿದ್ರೆ ಸಾಯಿಸಬೇಡಿ, ಅದನ್ನ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದು ಇದಕ್ಕೇ. ಬೆಳೆ ಇಲ್ಲದ ಜಾಗದಲ್ಲಿ ಲೀಟರಿಗೆ 200 ಗ್ರಾಂ ಉಪ್ಪು ಕರಗಿಸಿ ಹೊಡೆದ್ರೂ ಸುಡುತ್ತೆ, ಗದ್ದೆ ಅಂಚಿಗೆ ಮಾತ್ರ ಬೇಡ, ಮಣ್ಣು ಕೆಡುತ್ತೆ. ನಾಲೆ ಏರಿ ಮೇಲೆ ಕೈಯಲ್ಲಿ ಕೀಳೋದೇ ಸರಿ, ನೆಲ ಹಸಿ ಇರೋವಾಗ, ಹೂ ಬಿಡೋ ಮುಂಚೆ, ಬೇರು ಸಮೇತ. ಒಣಗಿದ್ದನ್ನ ಸುಡಬೇಡಿ, ಹೂವಿಲ್ಲದ್ದು ಗುಂಡಿಗೆ ಹಾಕಿದ್ರೆ ಗೊಬ್ಬರ ಆಗುತ್ತೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ತೂಬಿನ ಹತ್ರ ಸೇರೋಣ. ತುಂಬು ತೋಳಿನ ಅಂಗಿ, ಕೈಚೀಲ, ಮೂಗಿಗೆ ಟವೆಲ್. ಕೈಚೀಲ ಇಲ್ಲದವರು ಪ್ಲಾಸ್ಟಿಕ್ ಕವರ್ ಆದ್ರೂ ಕಟ್ಟಿಕೊಂಡು ಬನ್ನಿ. ರೆಪ್ಪೆ, ಕತ್ತು ಈಗಾಗಲೇ ತುರಿಸ್ತಾ ಇರೋರು ಕೀಳೋಕೆ ಬರಲೇಬೇಡಿ. ಬರಲೇಬೇಕು ಅನ್ನಿಸಿದ್ರೆ ನಮ್ಮ ಮನೆಗೆ ಹೋಗಿ, ಅಣ್ಣ ಎಲ್ಲರಿಗೂ ಉಪ್ಪಿಟ್ಟು ಮಾಡ್ತೀನಿ ಅಂದಿದ್ದಾನೆ, ಈರುಳ್ಳಿ ಹೆಚ್ಚಿಕೊಡೋಕೆ ಜನ ಬೇಕು.